ತಮ್ಮ ತಂದ ಡಬ್ಬಿ ಕಾರು

...ಅಲ್ಲ ಕಣೋ, ಅಂಗಡಿ ಬಾಗಿಲಿಗೇ ತಂದು ನಿಲ್ಲಿಸಿದೀಯಲ್ಲ, ಇದನ್ನ ಕಾರು ಅಂತ ತಂದ್ಯಾ? ಬ್ರೆಡ್ಡಿನ ಡಬ್ಬಿಗೆ ನಾಲ್ಕು ಗಾಲಿ ಹಾಕಿದ ಹಾಗಿದೆ. ಯಾಕೆ ನಗ್ತೀಯ? ಮೂವತ್ತು ವರ್ಷದಿಂದ ಈ ಅಂಗಡೀಲಿ ಕೂತು ಕಾರಿನ ಸೀಟಿಗೆ ಕವರ್ ಹೊಲೀತಿದೀನಿ, ಇಂಥದ್ದನ್ನ ಆಸೆಪಟ್ಟು ತಗೊಂಡವರನ್ನ ನಾ ಕಾಣೆ. ಅದೂ ನೀನು...

ಐದು ವರ್ಷದವನಿದ್ದಾಗ ನಿನಗೆ ಕೆಂಪಗಿದ್ದರೆ ಸಾಕಿತ್ತು. ಬೆಂಕಿ ಆರಿಸೋ ಗಾಡಿ ಕಂಡರೂ ‘ಅಕ್ಕಾ, ನಮ್ಮ ಕಾರು’ ಅಂತಿದ್ದೆ. ನನ್ನ ಬೆನ್ನೇರಿ, ಎರಡೂ ಕಿವಿ ಹಿಡಿದು ಸ್ಟೇರಿಂಗ್ ತಿರುಗಿಸಿದ್ದೇ ತಿರುಗಿಸಿದ್ದು. ಬಲಗಿವಿ ಇವತ್ತಿಗೂ ಒಂಚೂರು ಉದ್ದ, ನೋಡು.

ಹನ್ನೆರಡು ವರ್ಷಕ್ಕೆ ಬಣ್ಣದ ಹುಚ್ಚು ಹೋಯ್ತು, ಸ್ಪೀಡಿಂದು ಬಂತು. ಮೀಟರಿನ ಮುಳ್ಳು ಎಷ್ಟರವರೆಗೆ ಹೋಗುತ್ತೆ ಅಂತ ನಿಂತ ಕಾರಿಗೆಲ್ಲ ಮೂಗು ಒತ್ತೋದು. ಹೆಡ್ ಮಾಸ್ತರ ಕಾರಿನ ಗಾಜಿಂದ ನಿನ್ನ ಮೂಗಿನ ಗುರುತು ಒರೆಸಿದ್ದು ಯಾರು? ನಾನೇ.

ಆಮೇಲೆ ಆ ಜೀಪು. ತಲೆ ಮೇಲೆ ಸೂರಿಲ್ಲ, ಅರ್ಧ ತುಕ್ಕು, ಅರ್ಧ ಸದ್ದು. ನಿನ್ನ ಹೆಂಡತೀನ ಮೊದಲ ಸಲ ಅದರಲ್ಲೇ ಕರ್ಕೊಂಡು ಬಂದೆ. ಪಾಪ, ಅವಳ ಕೂದಲಿನ ಸಿಕ್ಕು ಬಿಡಿಸೋಕೆ ನಾನು ಅರ್ಧ ಗಂಟೆ ಬಾಚಣಿಗೆ ಹಿಡಿದು ಕೂತಿದ್ದೆ. ಮಕ್ಕಳಾದ ಮೇಲೆ ಹಿಂದಿನ ಸೀಟು ಅಗಲ ಇರಬೇಕು, ವಾಂತಿ ಮಾಡಿದರೆ ಒರೆಸೋ ಹಾಗಿರಬೇಕು, ಅಷ್ಟೇ. ಇನ್ನು ಆ ಕರಿ ಕಾರು... ಉದ್ದಕ್ಕೆ, ನೆಲಕ್ಕೆ ಅಂಟಿದ ಹಾಗೆ. ಏನು ಜಂಬ ಮಾರಾಯ. ಪಕ್ಕದ ಮನೆಯವರು ನೋಡಲಿ ಅಂತ ದಿನಕ್ಕೆರಡು ಸಲ ತೊಳೀತಿದ್ದೆ. ಅದನ್ನ ಹೋದ ವಾರ ಮಾರಿದೆಯಂತೆ. ಯಾಕೋ?

ಹೇಳಲ್ವಾ? ಸರಿ, ಟೇಪು ತಗೋ, ಸೀಟಿನ ಅಳತೆ ನೀನೇ ತಗೊಂಡು ಬಾ. ನಾನು ಏಳಲ್ಲ, ಕೈಯಲ್ಲಿ ಕೆಲಸ ಇದೆ... ಇದೇನೋ, ಮುಂದಿನ ಸೀಟು ಹೊರಕ್ಕೆ ತಿರುಗುತ್ತೆ? ಇಷ್ಟು ಎತ್ತರ, ಹಿಡ್ಕೊಳ್ಳೋಕೆ ಹಿಡಿ ಬೇರೆ. ನಿನ್ನ ಹೆಂಡತಿ ಇನ್ನೂ ಎರಡೆರಡು ಮೆಟ್ಟಿಲು ಹಾರ್ತಾಳೆ. ಯಾರಿಗೆ ಇದು?

ಯಾಕೆ ನನ್ನನ್ನೇ ನೋಡ್ತೀಯ? ನನಗೇನಾಗಿದೆ? ಹೋದ ತಿಂಗಳು ನಿನ್ನ ಕಾರಲ್ಲಿ ಬರಲ್ಲ ಅಂದಿದ್ದು ಕೆಲಸ ಇತ್ತು ಅಂತ. ಅದರ ಹಿಂದಿನ ತಿಂಗಳು... ಆಗಲೂ ಕೆಲಸ ಇತ್ತು. ಮಷಿನ್ನಿನ ಪೆಡಲ್ ಎಡಗಾಲಿಗೆ ಸರಿಸಿಕೊಂಡಿದ್ದು ಸುಮ್ಮನೆ.

ಏನೋ ಅದು, ಮೇಜಿನ ಹತ್ತಿರ ಯಾಕೆ ಬಂದೆ?

ಕೆಳಗೆ ಬಗ್ಗಬೇಡ... ನೋಡೇಬಿಟ್ಯಾ. ಹೂಂ, ಊರುಗೋಲು. ಬಲಗಡೆ ಸೊಂಟದ ಕೀಲು ಸವೆದಿದೆಯಂತೆ. ಆಪರೇಷನ್ ಆಗಬೇಕು ಅಂದರು. ನಿನಗೆ ಹೇಳಿದರೆ ಅಂಗಡಿ ಮುಚ್ಚು ಅಂತೀಯ ಅಂತ... ಅದೂ ಸುಳ್ಳು. ನನಗೆ ಹೆದರಿಕೆ ಆಗಿತ್ತು ಕಣೋ.

ಅವತ್ತು ಕರಿ ಕಾರಿಂದ ಇಳಿಯೋಕಾಗದೆ, ಬ್ಯಾಗಲ್ಲಿ ಏನೋ ಹುಡುಕೋ ಹಾಗೆ ಕೂತಿದ್ದೆನಲ್ಲ, ನಿನಗೆ ಗೊತ್ತಾಗಿತ್ತು, ಅಲ್ವಾ? ಗೊತ್ತಾಗಿಯೂ ನೀನು ಏನೂ ಕೇಳದೆ ಬಾಗಿಲು ಹಿಡಿದು ನಿಂತಿದ್ದೆ.

ಸೋಮವಾರ ಬನ್ನಿ ಅಂದಿದ್ದರು ಡಾಕ್ಟರು. ಮೂರು ಸೋಮವಾರ ತಪ್ಪಿಸಿದೆ. ಇವತ್ತೂ ಸೋಮವಾರವೇ.

ಬಾ ಇಲ್ಲಿ. ಎತ್ತಬೇಡ, ಪಕ್ಕದಲ್ಲಿ ನಿಂತಿರು, ಸಾಕು... ಹಾಂ. ಈಗ ಹೋಗಿ ಆ ಸೀಟನ್ನ ನನ್ನ ಕಡೆ ತಿರುಗಿಸು.