ಹಡಗಿನ ಮೇಲೆ ಇಳಿಯೋ ವಿಮಾನ

ಅಲ್ಲ ಅಕ್ಕ, ಟೈಪ್ ಮಿಷನ್ ಅಲ್ಲ ಅದು. ಕಂಪ್ಯೂಟರ್ರು. ಮುಟ್ಟಿ ನೋಡಿ, ಏನೂ ಆಗಲ್ಲ... ರಬ್ಬರಿನ ಗುಂಡಿಗಳು. ನಿಮ್ಮ ತಮ್ಮ ಇದ್ದಿದ್ರೆ ಮುಟ್ಟೋಕೆ ಬಿಡ್ತಿರಲಿಲ್ಲ. ನನ್ನನ್ನೂ ಬಿಟ್ಟೋರಲ್ಲ. ಫ್ಯಾಕ್ಟ್ರೀಲಿ ಇವರ ಜೊತೆ ಕೆಲಸ ಮಾಡ್ತಿದ್ದ ಶ್ಯಾಮಸುಂದರ ಅಂತ ಒಬ್ಬರು, ಟ್ರೈನಿಂಗಿಗೆ ಲಂಡನ್ನಿಗೆ ಹೋಗಿದ್ರಲ್ಲ, ಅವರು ತಂದಿದ್ದು. ನಾಲ್ಕು ತಿಂಗಳು ಇಟ್ಕೊಂಡಿರು ಬೈರಪ್ಪ ಅಂತ ಕೊಟ್ಟಿದ್ರು. ಸಾವಿನ ಮನೆ ಅಂತ ಇಷ್ಟು ದಿನ ಬಂದಿಲ್ಲ, ಈಗ ವಾಪಸ್ ತಗೊಂಡ್ಹೋಗ್ತಾರಂತೆ. ತಗೊಂಡ್ಹೋಗ್ಲಿ, ನನಗ್ಯಾತಕ್ಕೆ.

ಕೂತ್ಕೊಳ್ಳಿ ಮುನಿತಾಯಕ್ಕ. ನಾಯಂಡಹಳ್ಳಿಯಿಂದ ಈ ಬಿಸಿಲಲ್ಲಿ ನಡ್ಕೊಂಡೇ ಬಂದ್ರಾ? ಹನ್ನೊಂದರ ಕಾರ್ಯ ಮುಗಿಸ್ಕೊಂಡು ಮೊನ್ನೆ ತಾನೇ ಹೋದೋರು, ಇಷ್ಟು ಬೇಗ ಮತ್ತೆ ಮೂಡಲಪಾಳ್ಯಕ್ಕೆ ಬರ್ತೀರಿ ಅಂದ್ಕೊಂಡಿರಲಿಲ್ಲ. ಏನಾದ್ರೂ ಮರೆತು ಹೋಗಿದ್ರಾ?

ಓ... ಅದನ್ನ ಕೇಳೋಕೆ ಬಂದ್ರಾ.

ಹೇಳಿದ್ನಲ್ಲ ಅಕ್ಕ ಅವತ್ತೇ. ಎದೇಲಿ ಏನೋ ಹಿಡ್ಕೊಂಡಂಗಿದೆ, ಗ್ಯಾಸಿರಬೇಕು ಅಂತ ಕೆಲಸಕ್ಕೆ ರಜಾ ಹಾಕಿದ್ರು. ಮಜ್ಜಿಗೆ ಅನ್ನ ತಿಂದ್ಕೊಂಡು ಒಳಗಿನ ರೂಮಲ್ಲಿ ಮಲಗಿದ್ರು. ಮಕ್ಕಳು ಸ್ಕೂಲಲ್ಲಿ. ನಾನು ತಾರಸಿ ಮೇಲೆ ಸಂಡಿಗೆ ಹಾಕ್ತಿದ್ದೆ. ಇಳಿದು ಬಂದು ನೋಡ್ತೀನಿ, ನಿದ್ದೇಲೇ ಹೋಗ್ಬಿಟ್ಟಿದ್ದಾರೆ. ನರಳಲಿಲ್ಲ, ಒದ್ದಾಡಲಿಲ್ಲ. ಅದೊಂದು ಪುಣ್ಯ ಅಂದ್ಕೋಬೇಕು.

ಯಾಕಕ್ಕ ಹಾಗೆ ನೋಡ್ತೀರಿ?

ಯಾರು, ಪಕ್ಕದ ಮನೆ ಅಣ್ಣಮ್ಮನಾ? ಅವಳೇನಂದ್ಲು? ...ಬಟ್ಟೆ ಒಣಗಿಹಾಕ್ತಿದ್ಲಂತಾ. ನಮ್ಮ ತಾರಸಿ ಮೇಲೆ ಯಾರೂ ಇರಲಿಲ್ಲವಂತಾ. ಹೂಂ. ಸಂಡಿಗೆ ಹಾಕಿದ್ದು ಹಿಂದಿನ ದಿನ ಇರಬಹುದು, ನನಗೂ ತಲೆ ಓಡ್ತಿಲ್ಲ ನೋಡಿ, ಎಲ್ಲಾ ಕಲಸ್ಕೊಂಡು...

ಆಯ್ತು ಅಕ್ಕ. ತಾರಸಿ ಮೇಲೆ ಇರಲಿಲ್ಲ. ಇಲ್ಲೇ ಇದ್ದೆ, ಈ ಟಿವಿ ಮುಂದೆ. ಇದನ್ನ ಹಚ್ಕೊಂಡು ಆಟ ಆಡ್ತಿದ್ದೆ. ಗಂಡ ಒಳಗೆ ಸಾಯ್ತಿದ್ದ, ಹೆಂಡತಿ ಹೊರಗೆ ಆಟ ಆಡ್ತಿದ್ಲು ಅಂದ್ರೆ ನಾಲ್ಕು ಜನ ಏನಂತಾರೆ? ನಾಚಿಕೆ ಆಯ್ತು, ಸುಳ್ಳು ಹೇಳ್ದೆ. ಅಷ್ಟೇ.

ಆಟ ಅಂದ್ರೆ ಚೌಕಾಬಾರ ಅಲ್ಲ. ಯುದ್ಧವಿಮಾನ ಓಡಿಸೋದು. ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿದ್ರೆ ಐದು ನಿಮಿಷ ಕಿರ್ ಅಂತ ಕಿರುಚುತ್ತೆ, ಆಮೇಲೆ ಟಿವೀಲಿ ಸಮುದ್ರ ಬರುತ್ತೆ. ಸಮುದ್ರದಲ್ಲಿ ಒಂದು ಹಡಗು, ಹಡಗಿನ ಮೇಲೆ ವಿಮಾನ. ಈ ವಿಮಾನ ನೆಟ್ಟಗೆ ಮೇಲಕ್ಕೆ ಏಳುತ್ತೆ ಅಕ್ಕ, ಓಡೋದೇ ಬೇಡ. ಹೋಗಿ ಶತ್ರು ವಿಮಾನಗಳನ್ನ ಹೊಡೆದು ಬರಬೇಕು. ಅದು ಸುಲಭ. ಕಷ್ಟ ಇರೋದು ವಾಪಸ್ ಬಂದ ಮೇಲೆ. ಹಡಗು ನಮಗೋಸ್ಕರ ನಿಂತಿರಲ್ಲ, ಹೋಗ್ತಾನೇ ಇರುತ್ತೆ. ಅದರ ಮೇಲೆ ಗಾಳೀಲಿ ನಿಲ್ಲಿಸಿ, ಹೊಗೆ ಉಗುಳೋ ಮೂತಿಗಳನ್ನ ಕೆಳಕ್ಕೆ ತಿರುಗಿಸಿ, ಅದು ಹೋದಷ್ಟೇ ವೇಗದಲ್ಲಿ ನಾವೂ ಹೋಗ್ತಾ, ಸ್ವಸ್ವಲ್ಪ ಇಳಿಸ್ಬೇಕು. ಎಣ್ಣೆ ಬೇರೆ ಮುಗೀತಾ ಬರುತ್ತೆ.

ನಿಮ್ಮ ತಮ್ಮನ ಕೈಲಿ ಆಗ್ತಿರಲಿಲ್ಲ. ತಪ್ಪು ತಿಳ್ಕೋಬೇಡಿ, ಹೇಳ್ತೀನಿ ಅಷ್ಟೇ. ಸಂಜೆ ಫ್ಯಾಕ್ಟ್ರಿಯಿಂದ ಬಂದ ತಕ್ಷಣ ಕೂರೋರು. ಹಡಗು ಕಂಡ್ರೆ ಸಾಕು, ಅವಸರ. ದಬಕ್ಕಂತ ನೀರಿಗೆ. ಮಿಷನ್ನೇ ಸರಿ ಇಲ್ಲ ಅಂತ ಬೈಯೋರು. ನಾನು ಬಾಗಿಲ ಹತ್ತಿರ ನಿಂತು ನೋಡ್ತಿದ್ರೆ, ನಿನಗೇನೇ ಅರ್ಥ ಆಗುತ್ತೆ, ಹೋಗಿ ಕಾಫಿ ತಾ ಅನ್ನೋರು. ಬೈದಿದ್ದಲ್ಲ, ಅವರು ಮಾತಾಡ್ತಿದ್ದಿದ್ದೇ ಹಾಗೆ. ನೀವೇ ಸಾಕಿದೋರು, ನಿಮಗೆ ಗೊತ್ತಿಲ್ವಾ. ಯಶೋದಾ ಟವೆಲ್ಲು. ಯಶೋದಾ ಕನ್ನಡಕ. ಕನ್ನಡಕ ಪಕ್ಕದಲ್ಲೇ ಇರೋದು. ಅಡುಗೆ ಮನೆಯಿಂದ ಕೈ ಒರೆಸ್ಕೊಂಡು ಬಂದು ಎತ್ತಿ ಕೊಡ್ಬೇಕು.

ಹಗಲು ಹೊತ್ತು ಅವರಿಲ್ಲದಾಗ ಕಲಿತೆ. ತುಂಬಿದ ಬಿಂದಿಗೆನ ಸೊಂಟದಿಂದ ಇಳಿಸಲ್ವಾ ನಾವು, ಒಂದು ಹನಿ ಚೆಲ್ಲದ ಹಾಗೆ? ಹಾಗೆ ಇಳಿಸ್ಬೇಕು ಅಂತ ಹೊಳೀತು. ಆದ್ರೂ ಎರಡು ತಿಂಗಳು ಇಳಿಸೋಕೆ ಆಗಿರಲಿಲ್ಲ. ಅಂಚಿಗೆ ತಗಲಿ ಬೀಳೋದು, ಇಲ್ಲ ಎಣ್ಣೆ ಮುಗಿಯೋದು. ಇನ್ನೇನು ಮಾರನೇ ದಿನ ಶ್ಯಾಮಸುಂದರ ಅವರು ಬಂದು ತಗೊಂಡ್ಹೋಗೋರು. ಅದಕ್ಕೇ ಅವತ್ತು, ಇವರು ಮನೇಲಿದ್ರೂ, ಮಲಗಿದ್ದಾರಲ್ಲ ಅಂತ ಸದ್ದು ಸಣ್ಣಗೆ ಮಾಡ್ಕೊಂಡು ಕೂತೆ.

ನೀರಾ?

ಅದೇ ನಿಮ್ಮ ಮನಸ್ಸಲ್ಲಿ ಕೊರೀತಿರೋದು ಅಲ್ವಾ ಅಕ್ಕ. ಹೋಗೋ ಹೊತ್ತಿಗೆ ಬಾಯಿಗೊಂದು ತೊಟ್ಟು ನೀರು ಬಿಟ್ಟೋರು ಇದ್ರಾ ಅಂತ. ಹೆತ್ತೋರಿಲ್ಲದ ಮಗು ಅಂತ ಎತ್ತಿ ಆಡಿಸಿದೋರು ನೀವು. ನಿದ್ದೇಲಿ ಹೋದೋರಿಗೆ ಎಲ್ಲಿ ನೀರು ಅಂತ ನಾನು ಹೇಳಬಹುದು. ಹೇಳಿದ್ರೆ ನೀವು ನಂಬಿ ಎದ್ದು ಹೋಗ್ತೀರಿ...

ಕರೆದ್ರು. ನಿಮ್ಮಾಣೆ, ನಿಮಗೆ ಸುಳ್ಳು ಹೇಳಲಾರೆ. ಯಶೋದಾ, ನೀರು ಅಂತ ಕರೆದ್ರು. ದಿನಾ ಕರೆಯೋ ಹಾಗೇ ಇತ್ತು ಅಕ್ಕ, ಬೇರೆ ಥರ ಇದ್ದಿದ್ರೆ ಎದ್ದು ಓಡ್ತಿರಲಿಲ್ವಾ. ವಿಮಾನ ಆಗ ಹಡಗಿನ ಮೇಲೆ ಗಾಳೀಲಿ ನಿಂತಿತ್ತು. ಎಣ್ಣೆ ಒಂದು ನಿಮಿಷದ್ದು ಉಳಿದಿತ್ತು. ಕೈ ಬಿಟ್ರೆ ಬೀಳುತ್ತೆ. ಬಂದೆ ಅಂದೆ. ಜೋರಾಗಿ ಅಂದ್ನೋ, ಬಾಯೊಳಗೇ ಅಂದ್ನೋ. ಇನ್ನೊಂದು ಸಲ ಕರೆದ್ರು. ಬಂದೆ, ಬಂದೆ... ಒಂದೇ ನಿಮಿಷ ಅಕ್ಕ. ಮನುಷ್ಯ ಒಂದು ನಿಮಿಷ ತಡ ಮಾಡಿದ್ರೆ ಕೊಲೆ ಆಗುತ್ತಾ? ಡಾಕ್ಟರು ಎಷ್ಟು ಹೊತ್ತಾಯ್ತಮ್ಮ ಅಂತ ಕೇಳಿದ್ರು. ಈಗ ತಾನೇ ಅಂದೆ. ಅವರೂ ಮತ್ತೆ ಕೇಳಲಿಲ್ಲ.

ಅಳಬೇಡಿ. ಕೈ ಕೊಡಿ ಇಲ್ಲಿ. ಅಷ್ಟೇ ಅಕ್ಕ ನಡೆದಿದ್ದು. ಇದನ್ನ ಯಾರ ಹತ್ತಿರಾನೂ ಹೇಳಿರಲಿಲ್ಲ, ಈಗ ಎದೆ ಹಗುರ ಆಯ್ತು.

ವಿಮಾನವಾ? ಹೂಂ, ಇಳೀತು. ನೀವು ಕೇಳಿದ್ರಿ ಅಂತ ಹೇಳ್ತೀನಿ, ಇಳೀತು. ಮೊದಲನೇ ಸಲ ದಡ್ ಅಂತ ಕೂತ್ಕೊಳ್ತು, ಚಕ್ರಾನೇ ಮುರೀತೇನೋ ಅನ್ನೋ ಹಾಗೆ. ಎರಡನೇ ಸಲ ನೀವು ನೋಡ್ಬೇಕಿತ್ತು, ಇಳಿದಿದ್ದೇ ಗೊತ್ತಾಗ್ಲಿಲ್ಲ, ಅಷ್ಟು ಮೆತ್ತಗೆ...

ಏನಕ್ಕ?

ಎರಡನೇ ಸಲ ಅಂದ್ನಾ? ಬಾಯಿ ತಪ್ತು. ಅಂದ್ರೆ ಅದು ಆಮೇಲೆ. ಬೇರೆ ದಿನ...

ಬೇರೆ ದಿನ ಎಲ್ಲಿ ಬಂತು. ಅವತ್ತಿನಿಂದ ಈ ಮನೇಲಿ ಟಿವಿ ಹಚ್ಚೇ ಇಲ್ಲ. ಅದು ನಿಮಗೂ ಗೊತ್ತು.

ಕೈ ಯಾಕೆ ಬಿಡಿಸ್ಕೊಂಡ್ರಿ ಅಕ್ಕ? ಏನಾದ್ರೂ ಅನ್ನಿ. ಬೈಯಿರಿ, ಬೇಕಾದ್ರೆ ಹೊಡೀರಿ. ಬೆರಳು ಮಡಚಿ ಏನು ಎಣಿಸ್ತಿದ್ದೀರಿ?

ಒಂದು ಸಲ ಹಾರಿಸಿ ಇಳಿಸೋಕೆ ಕಾಲು ಗಂಟೆ ಆಗುತ್ತೆ. ಹೌದು. ನೀವು ಲೆಕ್ಕ ಹಾಕ್ತಿರೋದು ಸರಿ.

ಮೂರನೇ ಸಲವೂ ಕರೆದ್ರು ಅಕ್ಕ. ಹೆಸರು ಪೂರ್ತಿ ಬರಲಿಲ್ಲ, ಯಶೋ ಅಂದು ನಿಂತ್ಹೋಯ್ತು. ಮಂಚ ಒಂದು ಸಲ ಕಿರ್ ಅಂತು. ಆಗ ವಿಮಾನ ಹಡಗಿನ ಮೇಲೆ ಕೂತಾಗಿತ್ತು. ನನ್ನ ಕೈ ಖಾಲಿ ಇತ್ತು. ಎದ್ದು ಹೋಗಬಹುದಿತ್ತು, ಹತ್ತು ಹೆಜ್ಜೆ. ಕಿವಿಗೊಟ್ಟು ಕೂತೆ. ಏನೂ ಕೇಳಿಸಲಿಲ್ಲ. ಅವರು ಎಚ್ಚರವಾಗಿ ಮನೇಲಿದ್ದೂ ನನ್ನನ್ನ ಕರೆಯೋದು ನಿಲ್ಲಿಸಿದ್ದು, ಹನ್ನೆರಡು ವರ್ಷದಲ್ಲಿ ಅದೇ ಮೊದಲು. ನಿದ್ದೆ ಅಲ್ಲ ಅಂತ ಗೊತ್ತಿತ್ತು ಅಕ್ಕ. ಗೊತ್ತಿದ್ದೇ ಇನ್ನೊಂದು ಸಲ ಹಾರಿಸ್ದೆ.