ಯೂನಿಯನ್ ಆಫೀಸಿಗೆ ನಾನು ಒಯ್ದ ಕೊಬ್ಬರಿ ಮಿಠಾಯಿ

ಅಲ್ಲ ಕಣೋ, ಯೂನಿಯನ್ನೋರು ಕೆಟ್ಟೋರು ಅಂತ ನಾನೆಲ್ಲಿ ಹೇಳ್ದೆ? ಹೇಳ್ತಿದ್ದೆ, ಆಗ ಹೇಳ್ತಿದ್ದೆ, ದಿನಾ ಆಫೀಸಲ್ಲಿ ಕಾಫಿ ಹಿಡ್ಕೊಂಡು ಅದೇ ಭಜನೆ. ಅಮೆರಿಕದ ರಾಜಧಾನಿ ಪಕ್ಕ ಫೇರ್‌ಫ್ಯಾಕ್ಸಲ್ಲಿ ನಮ್ದು ಚಿಕ್ಕ ಎಲೆಕ್ಟ್ರಿಕಲ್ ಕಂಪನಿ, ಯಾವ ಸೈಟಿಗೆ ಯಾರನ್ನ ಕಳಿಸ್ಬೇಕು ಅಂತ ನೋಡ್ಕೊಳ್ಳೋದು ನನ್ನ ಕೆಲಸ. ಮಾಸ್ಕ್ ಹಾಕೋ ಕಾಲ... ಇಲ್ಲ, ಮಾಸ್ಕ್ ಬಿಟ್ಟಾಗಿತ್ತು, ಆಮೇಲಿನ ಮಾತು. ದೊಡ್ಡ ಸರ್ಕಾರಿ ಕಟ್ಟಡ ಕಟ್ಟಬೇಕಾದ್ರೆ ಮೊದಲೇ ಕೆಲಸಗಾರರ ಯೂನಿಯನ್ ಜೊತೆ ಅಗ್ರಿಮೆಂಟ್ ಮಾಡ್ಕೋಬೇಕು ಅಂತ ರೂಲ್ ಬಂತು. ಸ್ಟ್ರೈಕ್ ಮಾಡಲ್ಲ ಅಂತ ಅವರು, ನಿಮ್ಮಲ್ಲಿ ಹೆಸರು ಬರೆಸಿದೋರ ಲಿಸ್ಟಿಂದಾನೇ ಜನ ತಗೋತೀವಿ ಅಂತ ನಾವು ಬರ್ಕೊಡ್ಬೇಕು. ಲಿಸ್ಟಲ್ಲಿ ಯಾರು ಮೊದಲೋ ಅವರೇ ಮೊದಲು. ನಮಗೆ ಸಿಕ್ಕಿದ್ದು ವಾಷಿಂಗ್ಟನ್ ಡಿಸಿಲಿ ಅಂಥದ್ದೊಂದೇ ಕೆಲಸ, ಬೇರೆ ಏನೂ ಇರ್ಲಿಲ್ಲ.

ಆಗ ನಮ್ಮ ರಾಯ್ ಗತಿ ಏನು? ರಾಯ್ ಅಂದ್ರೆ ನಮ್ಮ ಫೋರ್‌ಮನ್, ದೂರದ ಶಾರ್ಲೆಟ್ ಊರಿನೋನು, ಹದಿನಾರು ವರ್ಷದಿಂದ ನಮ್ಮಲ್ಲೇ ಇದ್ದ, ಅವನೆಲ್ಲಿ ಯೂನಿಯನ್ ಲಿಸ್ಟಲ್ಲಿ ಇರ್ತಾನೆ? ನನ್ನನ್ನ ಮಿಸ್ ಸುಧಾ, ಮಿಸ್ ಸುಧಾ ಅಂತಿದ್ದ. ಈ ಕೆಲಸ ಸಿಗ್ಲಿಲ್ಲ ಅಂದ್ರೆ ಮನೆ ಖಾಲಿ ಮಾಡಿ ಊರಿಗೆ ಹೋಗ್ಬೇಕು, ಮಗಳದು ಹೈಸ್ಕೂಲ್ ಕೊನೇ ವರ್ಷ, ಆ ಹುಡುಗಿ ಬರಲ್ಲ ಅಂತ ಅಳ್ತಾ ಕೂತಿದ್ಲಂತೆ. ಸರಿ, ನಾನೇನ್ ಮಾಡ್ದೆ? ಮೈಸೂರಲ್ಲಿ ಯಾವ್ದಾದ್ರೂ ಆಫೀಸಲ್ಲಿ ಕೆಲಸ ಆಗ್ಬೇಕಾದ್ರೆ ನಮ್ಮಪ್ಪ ಏನ್ ಮಾಡ್ತಿದ್ರೋ ಅದೇ ಮಾಡ್ದೆ. ಕೊಬ್ಬರಿ ಮಿಠಾಯಿ ಮಾಡಿ, ಡಬ್ಬಿಗೆ ತುಂಬಿ, ಬೆಲ್ಟ್‌ವೇ ಅನ್ನೋ ರಿಂಗ್ ರೋಡ್ ಟ್ರಾಫಿಕ್ಕಲ್ಲಿ ಡ್ರೈವ್ ಮಾಡ್ಕೊಂಡು ಯೂನಿಯನ್ ಆಫೀಸಿಗೆ ಹೋದೆ. ನಗ್ಬೇಡ ಸುಮ್ನಿರು. ಲಿಸ್ಟ್ ಇಟ್ಕೊಂಡು ಕೂತಿದ್ದ ಯಜಮಾನನ ಮುಂದೆ ಡಬ್ಬಿ ಇಟ್ಟೆ. ರಾಯ್ ಅಂತ ಇದಾನೆ, ತುಂಬಾ ಒಳ್ಳೆಯೋನು, ಲಿಸ್ಟಲ್ಲಿ ಅವನ ಹೆಸರೂ ಸೇರಿಸಿ, ಸ್ವಲ್ಪ ಮುಂದೆ ಹಾಕಿ, ಅಡ್ಜಸ್ಟ್ ಮಾಡ್ಕೊಳ್ಳಿ ಅಂದೆ. ಆತ ಮುಚ್ಚಳ ತೆಗೆದ, ನೋಡ್ದ, ಮುಚ್ಚಿ ನನ್ನ ಕಡೆಗೇ ತಳ್ಳಿದ.

"ಮೇಡಂ, ಈ ಲಿಸ್ಟಲ್ಲಿ ನನ್ನ ಸ್ವಂತ ತಮ್ಮ ಹನ್ನೊಂದನೆಯವನು" ಅಂದ.

ಅಷ್ಟೇ ಅಂದಿದ್ದು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಅದಾದ್ಮೇಲೆ ನಮ್ಮ ಬಾಸಿಗೆ ಯೂನಿಯನ್ನಿಂದ ಲೆಟರ್ ಬಂತು, ರಾಯ್‌ಗೋಸ್ಕರ ನಿಮ್ಮೋರು ಶಿಫಾರಸು ತಂದಿದ್ರು, ವಿಚಾರಣೆ ಮುಗಿಯೋವರೆಗೂ ಅವನ ಹೆಸರು ತಡೆಹಿಡಿದಿದೀವಿ ಅಂತ. ಅವನ ಹೆಸರಾ? ಅವನ ಹೆಸರು ಅಲ್ಲೆಲ್ಲಿತ್ತು? ನನಗೇನೂ ಅರ್ಥ ಆಗ್ಲಿಲ್ಲ.

ಆಮೇಲೆ ರಾಯ್ ಕಂಪನಿ ಟ್ರಕ್ ಕೀ ವಾಪಸ್ ಕೊಡೋಕೆ ಬಂದ. ಬಯ್ತಾನೆ ಅಂದ್ಕೊಂಡೆ, ಬಯ್ಲಿಲ್ಲ ಮಾರಾಯ, ಬಯ್ದಿದ್ರೇ ವಾಸಿಯಿತ್ತು. "ಮಿಸ್ ಸುಧಾ, ನಾನೇ ಹೋಗಿ ಹೆಸರು ಬರೆಸಿದ್ದೆ. ನೀವು ದಿನಾ ಯೂನಿಯನ್ನಿಗೆ ಬಯ್ತಿದ್ರಲ್ಲ, ಅದಕ್ಕೆ ಹೇಳ್ಲಿಲ್ಲ. ಇನ್ನು ನಾಲ್ಕು ಜನ ಆಗಿದ್ರೆ ನಂದೇ ಸರದಿ" ಅಂದ. ಮಾಡಿದ್ದುಣ್ಣೋ ಮಹರಾಯ ಅಂತಾರೆ, ಇಲ್ಲಿ ಮಾಡಿದ್ದು ನಾನು, ಉಂಡಿದ್ದು ಅವನು. ವಿಚಾರಣೆ ಮುಗಿಯೋ ಹೊತ್ತಿಗೆ ಮನೆ ಖಾಲಿ ಮಾಡಿ ಹೊರಟೇಹೋಗಿದ್ರು, ಮಗಳೂ ಹೋದ್ಲು.

ಈ ಸರ್ಕಾರದೋರು ಸಾಚಾನಾ? ಥೂ! ಆಮೇಲೆ ಅಗ್ರಿಮೆಂಟ್ ಬೇಡ ಅಂದ್ರು, ಯೂನಿಯನ್ನೋರು ಕೋರ್ಟಿಗೆ ಹೋದ್ಮೇಲೆ ಮತ್ತೆ ಬೇಕು ಅಂದ್ರು. ಗಳಿಗೆಗೊಂದು ಮಾತು. ಎರಡೂ ಪಾರ್ಟಿಯೋರು ಟಿವಿಲಿ ಕೂತ್ಕೊಂಡು ಕೆಲಸಗಾರರು, ಕೆಲಸಗಾರರು ಅಂತ ಬಡ್ಕೋತಾರೆ, ಒಬ್ಬ ಕೆಲಸಗಾರನ ಹೆಸರೂ ಗೊತ್ತಿಲ್ಲ. ಕೇಳಿದ್ರೆ ಅಸಹ್ಯ ಆಗತ್ತೆ. ಆದ್ರೆ ಅವರಿಗಿಂತ ಜಾಸ್ತಿ ಅಸಹ್ಯ ನನ್ನ ಮೇಲೇ. ನನಗೆ ಹೆಸರು ಗೊತ್ತಿತ್ತಲ್ಲ, ಹದಿನಾರು ವರ್ಷ ಗೊತ್ತಿತ್ತು, ಒಂದು ಫೋನ್ ಮಾಡಿ ಏನಪ್ಪಾ ಮಾಡ್ಲಿ ಅಂತ ಕೇಳ್ಲಿಲ್ಲ.

ಯಾರಿಗಾದ್ರೂ ಉಪಕಾರ ಮಾಡ್ಬೇಕು ಅನ್ನಿಸಿದ್ರೆ ಮೊದಲು ಅವರನ್ನೇ ಒಂದು ಮಾತು ಕೇಳಿ. ಅಷ್ಟೇ. ಏಳಿ ಏಳಿ ಎಲ್ಲಾ, ಒಳಗೆ ಹೋಗೋಣ, ಸೊಳ್ಳೆ ಕಚ್ತಿದೆ.