ಅಳಿಯನ ಫೋನಿನ ಗುರ್ ಗುರ್

ಹಲೋ... ಯಾರು ಮಾತಾಡ್ತಿರೋದು? ಮನುಷ್ಯರಾ, ಮಿಕ್ಸಿನಾ?

...

ಹಾಂ, ಅಳಿಯಂದ್ರಾ. ಆ ಗುರ್ರ್ ನಡುವೆ ಎಲ್ಲೋ "ಅತ್ತೆ" ಅಂತ ಕೇಳಿಸ್ತು, ಅದಕ್ಕೆ ಗೊತ್ತಾಯ್ತು.

...

ಮಗಳಿಗೆ ಕೊಡೋಕೆ ಅವಳು ಫೋನ್ ಮುಟ್ಟಬೇಕಲ್ಲ. ನೀವು ಅವಳ ಹೊಲಿಗೆನ ಟೈಂಪಾಸ್ ಅಂದ್ರಂತೆ. ಕ್ಷಮೆ ಕೇಳೋಕೆ ಮೂರು ದಿನದಿಂದ ಫೋನ್ ಮಾಡ್ತಿದ್ದೀರಿ, ಸರಿ, ಇಲ್ಲಿ ಬರೀ ಗುರ್ ಗುರ್. ಬೇಕಂತಲೇ ಮಿಕ್ಸಿ ಹಾಕ್ಕೊಂಡು ಗೇಲಿ ಮಾಡ್ತಾರೆ ಅಂತಾಳೆ. ಸಂಜೆ ಅವಳ ಹೊಲಿಗೆ ಮಿಷನ್ ತರೋಕೆ ನಿಮ್ಮನೆಗೆ ಗಾಡಿ ಬರುತ್ತೆ. ಮಿಷನ್ ಈ ಮನೆಗೆ ಬಂತು ಅಂದ್ರೆ ಮಗಳು ಆ ಮನೆಗೆ ವಾಪಸ್ ಬರಲ್ಲ, ತಿಳ್ಕೊಳ್ಳಿ.

...

ಅಳಬೇಡಿ, ಅದೂ ಗುರ್ ಅಂತಲೇ ಕೇಳಿಸುತ್ತೆ. ನಿಜವಾಗ್ಲೂ ಮಿಕ್ಸಿ ಇಲ್ಲ ಅಲ್ವಾ? ... ಫ್ಯಾನು? ... ಚಾರ್ಜರ್ ಹಾಕಿದ್ದೀರಾ? ತೆಗೀರಿ. ... ಹೂಂ, ಹಾಗೇ ಇದೆ. ಕಿಟಕಿ ಹತ್ರ ಹೋಗಿ.

...

ನೋಡಿ, ಗುರ್ ಗುರ್ ಕಮ್ಮಿ ಆಯ್ತು, ದುಂಬಿ ದೂರ ಹೋದ ಹಾಗೆ. ಸಿಗ್ನಲ್ ಕಮ್ಮಿ ಇರೋ ಕಡೆ ಟವರಿಗೆ ಕೇಳ್ಲಿ ಅಂತ ಫೋನು ಗಂಟಲು ಹರ್ಕೊಳ್ಳುತ್ತೆ. ಆ ಗಲಾಟೆ ಮೈಕಿನ ದಾರಿಗೆ ನುಗ್ಗುತ್ತೆ. ನುಗ್ಗದ ಹಾಗೆ ಒಳಗೊಂದು ಅಡ್ಡ ಇರಬೇಕಲ್ಲ... ಫೋನ್ ಬಿಚ್ಚಿದ್ರಾ?

...

ಬಿಚ್ಚಲೇ ಇಲ್ವಾ, ಸ್ವಲ್ಪ ಬಿಚ್ಚಿದ್ರಾ?

...

ಧೂಳು ಒರೆಸೋಕೆ. ಮುಚ್ಚುವಾಗ ಏನಾದ್ರೂ ಮಿಕ್ಕಿತಾ?

...

ಉಗುರಿನಷ್ಟು ತಗಡು. ಅದಿಲ್ಲದೇನೂ ನಡೀತು, ಕಂಪನಿಯವರು ಸುಮ್ನೆ ಹಾಕಿದ್ದಾರೆ ಅಂದ್ಕೊಂಡ್ರಿ. ಶಹಬ್ಬಾಸ್. ಇಪ್ಪತ್ತೆರಡು ವರ್ಷ ರೇಡಿಯೋ ಫ್ಯಾಕ್ಟರಿಲಿ ಬೆಸುಗೆ ಹಾಕಿದ್ದೀನಿ ರೀ, ಒಂದು ತಗಡೂ ಸುಮ್ನೆ ಹಾಕಿಲ್ಲ. ಅದೇ ಆ ಗಲಾಟೆ ತಡೆಯೋ ಅಡ್ಡ. ಇದೆಯಾ, ಎಸೆದ್ರಾ?

...

ಅಂಗಿ ಜೇಬಲ್ಲಾ, ಸದ್ಯ. ಅದು ಆಮೇಲೆ ಆಗಲಿ. ಕಿಟಕಿ ಬಿಟ್ಟು ಅಲ್ಲಾಡಬೇಡಿ. ಅವಳನ್ನ ಕರೀತೀನಿ, ಅಲ್ಲೇ ನಿಂತು ಹೇಳಿ.

...

ಬೀದಿಯವರು ಕೇಳಿಸ್ಕೊಳ್ತಾರಾ? ಕೇಳಿಸ್ಕೊಳ್ಳಲಿ. ಟೈಂಪಾಸ್ ಅನ್ನುವಾಗ ಅವರನ್ನ ಕೇಳ್ಕೊಂಡು ಅಂದ್ರಾ?

...

ಬಾರೇ ಮಗಳೇ. ಮಿಕ್ಸಿ ಅಲ್ಲ ಕಣೇ, ನಿನ್ನ ಗಂಡನ ರಿಪೇರಿ. ಕಿವಿ ಇಡು.

...

...

ಹಾಂ, ಈಗ ನಾನು. ಪೂರ್ತಿ ಕೇಳಿಸ್ಕೊಂಡ್ಲು. ಎರಡು ಸಲ ಹೇಳಿಸಿದ್ಲು ಅಲ್ವಾ, ಮೊದಲನೇದೇ ಕೇಳಿಸಿತ್ತು. ಮೂತಿ ತಿರುಗಿಸ್ಕೊಂಡು ನಗ್ತಿದ್ದಾಳೆ. ಏನಂತಾಳೆ ಅಂದ್ರೆ, ಆ ಗಾಡಿಯವನು ಬಂದ್ರೆ... ಏನು? ಈಗ್ಲೇ ತಗಡು ಹಾಕ್ತೀರಾ? ಯಾವ ಫೋನಿಗೆ ರೀ? ... ಅಯ್ಯೋ ಬೇಡ, ಮಾತಾಡ್ತಿರೋದು ಅದರಲ್ಲೇ ಅಲ್ವಾ, ಮೊದಲು ಅವಳು ಹೇಳಿದ್ದು...

...

ಹಲೋ? ... ಹಲೋ?

...

ಹೋಯ್ತು. ಬಿಚ್ಚಿಬಿಟ್ಟ ಪುಣ್ಯಾತ್ಮ. ಮಿಷನ್ ಕೊಡಬೇಡಿ ಅಂದಿದ್ದು ಅವರ ಕಿವಿಗೆ ಬೀಳಲೇ ಇಲ್ಲ; ಚಪ್ಪಲಿ ಮೆಟ್ಕೋ ಮಗಳೇ, ಗಾಡಿಗಿಂತ ಮುಂಚೆ ನೀನೇ ಹೋಗಿ ಮುಟ್ಟು.